ಚಲಚ್ಚಿತ್ರದಲ್ಲಿ ಕಥಾಕಾಲವೂ ತೆರೆಯ ಕಾಲವೂ

೧

ಕಥೆ ಹೇಳುವವನ ಕೈಯಲ್ಲಿ ಕಾಲವು ಎರಡು ಬಗೆಯದಾಗಿರುತ್ತದೆ. ಕಥೆಯೊಳಗಿನ ಜನರು ಹುಟ್ಟಿ, ಬೆಳೆದು, ಸುಖದುಃಖಗಳನ್ನುಂಡು ಮುಗಿಯುವ ಕಾಲವೊಂದು. ಆ ಕಥೆಯನ್ನು ಕೇಳಲೋ ನೋಡಲೋ ಬಂದವರು ಕುಳಿತು ಎದ್ದುಹೋಗುವ ಕಾಲವು ಮತ್ತೊಂದು. ಮೊದಲನೆಯದನ್ನು ಕಥಾಕಾಲವೆಂದೂ, ಚಲಚ್ಚಿತ್ರದ ಮಟ್ಟಿಗೆ ಎರಡನೆಯದನ್ನು ತೆರೆಯ ಕಾಲವೆಂದೂ ಕರೆಯಬಹುದು. ಕಥಾಕಾಲವು ಯುಗಗಳಷ್ಟು ಉದ್ದವಾಗಿರಬಹುದು, ಒಂದು ಗಳಿಗೆಯಷ್ಟು ಚಿಕ್ಕದಾಗಿಯೂ ಇರಬಹುದು. ತೆರೆಯ ಕಾಲವಾದರೋ ನೋಡುವವರ ತಾಳ್ಮೆಗೂ ಯಂತ್ರದ ಸುರುಳಿಗೂ ಕಟ್ಟುಬಿದ್ದದ್ದು.

ಇವೆರಡನ್ನೂ ಹೊಂದಿಸುವ ತೊಡಕು ಕಥನಕಲೆಯಷ್ಟೇ ಪುರಾತನವಾದುದು. ಪುರಾಣ ಹೇಳುವವನು ಹನ್ನೆರಡು ವರ್ಷದ ವನವಾಸವನ್ನು ಒಂದು ಮಾತಿನಲ್ಲಿ ದಾಟಿ, ಒಂದು ದಿನದ ಯುದ್ಧಕ್ಕೆ ಹಲವು ರಾತ್ರಿಗಳನ್ನು ಮೀಸಲಿಡುವನು. ಒಂದೇ ಹೊತ್ತಿನಲ್ಲಿ ಎರಡು ಕಡೆ ನಡೆದುದನ್ನು ಹೇಳಬೇಕಾಗಿ ಬಂದಾಗ "ಅತ್ತ ಹಾಗಿರಲು ಇತ್ತ" ಎಂದು ಒಂದು ನೂಲನ್ನು ಬಿಟ್ಟು ಮತ್ತೊಂದನ್ನು ಹಿಡಿಯುವನು. ಕೇಳುವವರಿಗೆ ಗೊಂದಲವೇನೂ ಆಗುವುದಿಲ್ಲ. ನಾಟಕಕ್ಕೆ ಈ ಸ್ವಾತಂತ್ರ್ಯವಿಲ್ಲ. ರಂಗದ ಮೇಲಿನ ಪಾತ್ರಗಳು ಕಣ್ಣೆದುರಿಗೇ ಉಸಿರಾಡುತ್ತವೆ. ಆದುದರಿಂದಲೇ ಭರತನ ನಾಟ್ಯಶಾಸ್ತ್ರವು ಒಂದು ಅಂಕದ ಕಾರ್ಯವನ್ನು ಒಂದು ದಿನಕ್ಕೆ ಮಿತಗೊಳಿಸಿ, ಅಂಕಗಳ ನಡುವೆ ತಿಂಗಳೋ ವರ್ಷವೋ ಕಳೆಯಬಹುದೆಂದೂ, ವರ್ಷವನ್ನು ಮೀರಕೂಡದೆಂದೂ ವಿಧಿಸಿತು. ನಡುವೆ ಕಳೆದುಹೋದುದನ್ನು ತಿಳಿಸಲು ಪ್ರವೇಶಕವೇ ಮೊದಲಾದ ಉಪಾಯಗಳಿದ್ದುವು. ಭವಭೂತಿಯು ಉತ್ತರರಾಮಚರಿತದ ಮೊದಲನೆಯ ಮತ್ತು ಎರಡನೆಯ ಅಂಕಗಳ ನಡುವೆ ಹನ್ನೆರಡು ವರ್ಷಗಳನ್ನು ಕಳೆದು ಈ ಮಿತಿಯನ್ನು ದಾಟಿದನು. ಗ್ರೀಸಿನಲ್ಲಿ ಅರಿಸ್ಟಾಟಲನು, ದುರಂತನಾಟಕವು ಸೂರ್ಯನ ಒಂದು ಸುತ್ತಿನೊಳಗೆ ತನ್ನ ಕಾರ್ಯವನ್ನು ಅಡಗಿಸಲು ಯತ್ನಿಸುವುದೆಂದು ಗಮನಿಸಿದ್ದನು.

ಚಲಚ್ಚಿತ್ರವು ಹುಟ್ಟಿದಾಗ ಈ ಹಳೆಯ ಅನುಭವವೆಲ್ಲವೂ ಅದಕ್ಕೆ ಸಿದ್ಧವಾಗಿ ದೊರೆಯಬೇಕಾಗಿತ್ತೆಂದು ತೋರಬಹುದು. ಆದರೆ ಹಾಗಾಗಲಿಲ್ಲ. ಕಾಲವನ್ನು ಹೇಗೆ ಕತ್ತರಿಸಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ಅದು ಮೊದಲಿನಿಂದ ಕಲಿಯಬೇಕಾಯಿತು. ಇಂದು ಎಲ್ಲರಿಗೂ ಸಹಜವೆಂದು ತೋರುವ ಜೋಡಣೆಯು ಒಂದು ಕಾಲಕ್ಕೆ ಸಹಜವಾಗಿರಲೇ ಇಲ್ಲ. ಈ ಸಂಗತಿಯನ್ನು ಮರೆತದ್ದರಿಂದ ಚಲಚ್ಚಿತ್ರದ ಚರಿತ್ರಕಾರರು ಬಹುಕಾಲ ಒಂದು ದೊಡ್ಡ ಭ್ರಮೆಗೆ ಒಳಗಾಗಿದ್ದರು. ಆ ಭ್ರಮೆಯ ಕಥೆಯನ್ನು ತಿಳಿಯುವುದೆಂದರೆ ತೆರೆಯ ಕಾಲದ ಚರಿತ್ರೆಯನ್ನೇ ತಿಳಿದಂತೆ.

೨

೧೮೯೫ನೆಯ ಇಸವಿ ಡಿಸೆಂಬರ್ ೨೮ರಂದು ಪ್ಯಾರಿಸ್ ನಗರದ ಗ್ರಾಂ ಕಾಫೆ ಎಂಬ ಗೃಹದ ನೆಲಮಾಳಿಗೆಯಲ್ಲಿ, ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಲೂಮಿಯೇರ್ ಸೋದರರ ಹತ್ತು ಚಿತ್ರಗಳು ತೋರಿಸಲ್ಪಟ್ಟುವು. ಒಂದೊಂದರ ಫಿಲ್ಮೂ ಸುಮಾರು ೧೭ ಮೀಟರು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಮೆ. ಕಾರ್ಖಾನೆಯ ಬಾಗಿಲು ತೆರೆಯಿತು, ಕೆಲಸಗಾರರು ಹೊರಗೆ ಬಂದರು. ಅಲ್ಲಿಗೆ ಚಿತ್ರವು ಮುಗಿಯಿತು. ಇಲ್ಲಿ ಕಥಾಕಾಲವೂ ತೆರೆಯ ಕಾಲವೂ ಒಂದೇ. ಕ್ಯಾಮರಾ ಎಷ್ಟು ಹೊತ್ತು ನೋಡಿತೋ ಅಷ್ಟೇ ಹೊತ್ತು ಪ್ರೇಕ್ಷಕನೂ ನೋಡಿದನು.

ಆದರೆ ಯಂತ್ರದ ಒಳಗೆ ಇವೆರಡನ್ನೂ ಬೇರ್ಪಡಿಸುವ ಶಕ್ತಿಯು ಮೊದಲಿನಿಂದಲೂ ಅಡಗಿತ್ತು. ಅದೇ ೧೮೯೫ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನ ಆ ಪ್ರದರ್ಶನಕ್ಕೂ ಮೊದಲೇ, ಎಡಿಸನನ ಕಂಪನಿಯು ತನ್ನ ಇಣುಕುಪೆಟ್ಟಿಗೆಗೆಂದು ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಚ್ಛೇದವನ್ನು ಚಿತ್ರಿಸಿತು. ರಾಣಿಯು ಕೊರಡಿನ ಮೇಲೆ ತಲೆಯಿಟ್ಟಳು, ಕ್ಯಾಮರಾವನ್ನು ನಿಲ್ಲಿಸಿದರು, ನಟನು ಎದ್ದು ಹೋಗಿ ಅಲ್ಲಿಗೆ ಒಂದು ಬೊಂಬೆಯು ಬಂದಿತು, ಕ್ಯಾಮರಾ ಮತ್ತೆ ತಿರುಗಿತು, ಕೊಡಲಿಯು ಬಿದ್ದಿತು. ನೋಡುವವನಿಗೆ ಎಡೆಬಿಡದ ಕಾಲ, ಮಾಡಿದವನಿಗೆ ತುಂಡಾದ ಕಾಲ. ಮರುವರ್ಷ ಲೂಮಿಯೇರರು ಒಂದು ಗೋಡೆಯನ್ನು ಕೆಡವುವ ಚಿತ್ರವನ್ನು ಮಾಡಿದರು. ಅದನ್ನು ಮುಂದಕ್ಕೆ ತೋರಿಸಿದ ಬಳಿಕ ಹಿಂದುಮುಂದಾಗಿ ತಿರುಗಿಸಿದರೆ, ಬಿದ್ದ ಗೋಡೆಯು ಧೂಳಿನೊಳಗಿಂದ ಎದ್ದು ನಿಲ್ಲುತ್ತಿತ್ತು. ಕಾಲದ ಹರಿವನ್ನು ತಿರುಗಿಸುವುದನ್ನು ಕವಿಗಳು ಕಲ್ಪಿಸಿದ್ದುಂಟು. ಕಣ್ಣಿಗೆ ತೋರಿಸಿದುದು ಈ ಯಂತ್ರವೇ ಮೊದಲು.

ಮತ್ತೊಂದು ಸಂಗತಿಯನ್ನೂ ಇಲ್ಲಿ ನೆನೆಯತಕ್ಕದ್ದು. ಆ ದಿನಗಳಲ್ಲಿ ತೆರೆಯ ಕಾಲವೇ ಸ್ಥಿರವಾಗಿರಲಿಲ್ಲ. ಚಿತ್ರ ಹಿಡಿಯುವ ಯಂತ್ರವನ್ನೂ ಚಿತ್ರ ತೋರಿಸುವ ಯಂತ್ರವನ್ನೂ ಕೈಯಿಂದ ತಿರುಗಿಸುತ್ತಿದ್ದರು. ಸಾವಿರ ಅಡಿಯ ಒಂದು ಸುರುಳಿಯು ಸೆಕೆಂಡಿಗೆ ೧೬ ಚಿತ್ರಗಳಂತೆ ತಿರುಗಿದರೆ ೧೬ ನಿಮಿಷಕ್ಕಿಂತ ಹೆಚ್ಚು ಬಾಳುವುದು. ೨೪ರಂತೆ ತಿರುಗಿದರೆ ೧೧ ನಿಮಿಷಗಳಲ್ಲೇ ತೀರುವುದು. ತೋರಿಸುವವನ ತೋಳಿನ ದಣಿವೂ ಆತುರವೂ ಕಥೆಯ ಕಾಲವನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದುವು. ಅದಕ್ಕಿಂತ ಮುಖ್ಯವಾದುದೆಂದರೆ, ಒಂದೊಂದು ತುಂಡೂ ತನ್ನಷ್ಟಕ್ಕೆ ತಾನೇ ಒಂದು ಚಿತ್ರವಾಗಿತ್ತು. ಯಾವುದರ ಹಿಂದೆ ಯಾವುದು ಬರಬೇಕೆಂಬುದನ್ನು ಚಿತ್ರ ಮಾಡಿದವನಲ್ಲ, ಅದನ್ನು ಕೊಂಡು ತೋರಿಸುವವನು ನಿರ್ಧರಿಸುತ್ತಿದ್ದನು. ಹೀಗೆ ಬಿಡಿ ಚಿತ್ರಗಳನ್ನು ಹೊಂದಿಸಿ ತೋರಿಸುವ ಕೆಲಸದಲ್ಲಿ ಪಳಗಿದವನೇ ಮುಂದೆ ಹೇಳಲಿರುವ ಕಥೆಯ ನಾಯಕನು.

೩

ಎಡ್ವಿನ್ ಪೋರ್ಟರನು ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ೧೮೭೦ರಲ್ಲಿ ಜನಿಸಿದನು. ನ್ಯೂಯಾರ್ಕಿನ ಈಡನ್ ಮ್ಯೂಸೀ ಎಂಬ ವಿನೋದಮಂದಿರದಲ್ಲಿ ಚಿತ್ರಗಳನ್ನು ತೋರಿಸುವವನಾಗಿದ್ದು, ೧೯೦೦ರಲ್ಲಿ ಎಡಿಸನನ ಕಂಪನಿಯನ್ನು ಸೇರಿ, ಬೇಗನೆ ಅಲ್ಲಿನ ಚಿತ್ರನಿರ್ಮಾಣದ ಮುಖ್ಯನಾದನು. ೧೯೦೩ರ ಜನವರಿಯಲ್ಲಿ ಆತನ 'ಲೈಫ್ ಆಫ್ ಆ್ಯನ್ ಅಮೆರಿಕನ್ ಫೈರ್‌ಮನ್', ಎಂದರೆ ಅಮೆರಿಕದ ಅಗ್ನಿಶಾಮಕನೊಬ್ಬನ ಜೀವನ, ಎಂಬ ಚಿತ್ರವು ಕೃತಿಸ್ವಾಮ್ಯಕ್ಕಾಗಿ ದಾಖಲಾಯಿತು. ಅದರ ಉದ್ದವು ಸುಮಾರು ಆರು ನಿಮಿಷ. ಅದರಲ್ಲಿರುವುವು ಒಂಬತ್ತು ತುಂಡುಗಳು.

ಕಥೆಯು ಸರಳವಾದುದು. ಠಾಣೆಯಲ್ಲಿ ಕುಳಿತು ತೂಕಡಿಸುತ್ತಿರುವ ಅಗ್ನಿಶಾಮಕನ ಮನಸ್ಸಿನಲ್ಲಿ ಒಬ್ಬ ತಾಯಿಯೂ ಮಗುವೂ ಮೂಡುತ್ತಾರೆ. ತೆರೆಯ ಮೇಲೆ ಅದು ಒಂದು ವೃತ್ತದೊಳಗಿನ ಚಿತ್ರವಾಗಿ ತೋರುತ್ತದೆ. ಬಳಿಕ ಬೀದಿಯಲ್ಲಿರುವ ಅಪಾಯಸೂಚನೆಯ ಪೆಟ್ಟಿಗೆಯನ್ನು ಒಂದು ಕೈಯು ತೆರೆಯುತ್ತದೆ. ಮಲಗಿದ್ದ ದಳದವರು ಎದ್ದು, ನಡುವಣ ಕಂಬವನ್ನು ಹಿಡಿದು ಜಾರಿ ಕೆಳಗಿಳಿಯುತ್ತಾರೆ, ಕುದುರೆಗಳನ್ನು ಹೂಡುತ್ತಾರೆ, ಬಂಡಿಗಳು ಬೀದಿಯಲ್ಲಿ ಧಾವಿಸುತ್ತವೆ, ಉರಿಯುವ ಮನೆಯನ್ನು ಮುಟ್ಟುತ್ತವೆ. ತಾಯಿಯೂ ಮಗುವೂ ಬದುಕಿಕೊಳ್ಳುತ್ತಾರೆ.

ಆದರೆ ಬದುಕಿಕೊಳ್ಳುವ ಬಗೆಯು ವಿಚಿತ್ರವಾಗಿದೆ. ಎಂಟನೆಯ ತುಂಡಿನಲ್ಲಿ ಪ್ರೇಕ್ಷಕನು ಮನೆಯ ಒಳಗಿದ್ದಾನೆ. ಹೊಗೆ ತುಂಬಿದ ಕೊಠಡಿಯಲ್ಲಿ ತಾಯಿಯು ಕಿಟಕಿಯ ಬಳಿ ಕೂಗಿ, ಮೂರ್ಛೆ ಹೋಗಿ ಹಾಸಿಗೆಯ ಮೇಲೆ ಬೀಳುತ್ತಾಳೆ. ಅಗ್ನಿಶಾಮಕನು ಬಾಗಿಲನ್ನು ಒಡೆದು ಬಂದು, ಕಿಟಕಿಯನ್ನು ಒಡೆದು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಏಣಿಯಿಂದ ಇಳಿದು ಹೋಗುತ್ತಾನೆ. ಕೆಲವೇ ಕ್ಷಣಗಳಲ್ಲಿ ಹಿಂದಿರುಗಿ ಮಗುವನ್ನೂ ಎತ್ತಿಕೊಂಡು ಹೋಗುತ್ತಾನೆ. ಬೆಂಕಿಯನ್ನು ಆರಿಸುತ್ತಾರೆ. ಅಲ್ಲಿಗೆ ಕಥೆಯು ಮುಗಿಯಬೇಕು. ಆದರೆ ಒಂಬತ್ತನೆಯ ತುಂಡಿನಲ್ಲಿ ಪ್ರೇಕ್ಷಕನು ಮನೆಯ ಹೊರಗಿದ್ದಾನೆ. ನಡೆದುದೆಲ್ಲವೂ ಮೊದಲಿನಿಂದ ಮತ್ತೆ ನಡೆಯುತ್ತದೆ. ತಾಯಿಯು ಕಿಟಕಿಯಲ್ಲಿ ಕಾಣಿಸಿಕೊಂಡು ಕೂಗುತ್ತಾಳೆ; ಆತನು ಬಾಗಿಲಿನೊಳಗೆ ನುಗ್ಗುತ್ತಾನೆ; ಏಣಿಯನ್ನು ಚಾಚುತ್ತಾರೆ; ಅವಳನ್ನು ಇಳಿಸುತ್ತಾನೆ. ಎಚ್ಚತ್ತ ತಾಯಿಯು ಮಗುವಿಗಾಗಿ ಅಂಗಲಾಚುತ್ತಾಳೆ. ಆತನು ಮರಳಿ ಹತ್ತಿ ಮಗುವನ್ನು ತರುತ್ತಾನೆ.

ಹೀಗೆ ಒಂದೇ ಘಟನೆಯು ಒಳಗಿನಿಂದ ಒಮ್ಮೆ, ಹೊರಗಿನಿಂದ ಒಮ್ಮೆ, ಪೂರ್ತಿಯಾಗಿ ಎರಡು ಸಲ ಕಾಣುತ್ತದೆ. ಕಥಾಕಾಲದಲ್ಲಿ ಒಂದು ಸಲ ನಡೆದುದಕ್ಕೆ ತೆರೆಯ ಕಾಲದಲ್ಲಿ ಎರಡು ಪಾಲು ದೊರೆತಿದೆ. ಇದು ಅಕಸ್ಮಾತ್ತಾಗಿ ಆದುದೂ ಅಲ್ಲ. ಅದೇ ಚಿತ್ರದ ಮೊದಲ ಭಾಗದಲ್ಲಿ, ಮೇಲಣ ಕೊಠಡಿಯಲ್ಲಿ ದಳದವರೆಲ್ಲರೂ ಕಂಬದಲ್ಲಿ ಜಾರಿ ಮರೆಯಾದ ಮೇಲೆ ಕೆಳಗಣ ಕೊಠಡಿಯು ಕಾಣುತ್ತದೆ. ಅಲ್ಲಿ ಇನ್ನೂ ಯಾರೂ ಇಳಿದಿಲ್ಲ! ಸ್ವಲ್ಪ ಹೊತ್ತಿನ ಬಳಿಕ ಒಬ್ಬರ ಹಿಂದೊಬ್ಬರು ಅವರು ಮತ್ತೆ ಜಾರಿಬರುತ್ತಾರೆ.

೪

ಈ ಚಿತ್ರವು ಹೀಗಿದೆಯೆಂಬುದು ಬಹುಕಾಲದವರೆಗೆ ಯಾರಿಗೂ ನಿಶ್ಚಯವಿರಲಿಲ್ಲ. ಮೂಕಚಿತ್ರಗಳನ್ನು ಕಾಪಾಡಬೇಕೆಂಬ ಬುದ್ಧಿಯು ಆಗ ಹುಟ್ಟಿರಲಿಲ್ಲ. ತೋರಿಸಿ ಸವೆದ ಫಿಲ್ಮು ಕಸವಾಗುತ್ತಿತ್ತು. ೧೯೩೯ರಲ್ಲಿ ಲೂಯಿಸ್ ಜೇಕಬ್ಸನು ಅಮೆರಿಕದ ಚಲಚ್ಚಿತ್ರದ ಏಳಿಗೆಯನ್ನು ಕುರಿತು ತನ್ನ ಪ್ರಸಿದ್ಧ ಗ್ರಂಥವನ್ನು ಬರೆದಾಗ, ಪೋರ್ಟರನ ಈ ಚಿತ್ರಕ್ಕೆ ಆತನಿಗಿದ್ದ ಆಧಾರವೆಂದರೆ ಎಡಿಸನನ ಕಂಪನಿಯ ಮಾರಾಟದ ಪಟ್ಟಿಯಲ್ಲಿದ್ದ ವಿವರಣೆ ಮತ್ತು ಕೆಲವು ಸ್ಥಿರಚಿತ್ರಗಳು. ಆ ವಿವರಣೆಯು ತಾಯಿಯ ರಕ್ಷಣೆಯನ್ನು ಒಳಗಿನಿಂದಲೂ ಮಗುವಿನ ರಕ್ಷಣೆಯನ್ನು ಹೊರಗಿನಿಂದಲೂ ಹೇಳಿ ಮುಗಿಸುತ್ತದೆ. ಎಲ್ಲವೂ ಎರಡು ಸಲ ಕಾಣುವುದೆಂದು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನೋದಿದವರಿಗೆ, ಚಿತ್ರವು ಒಳಗೂ ಹೊರಗೂ ಅಡ್ಡಾಡುತ್ತ ಒಂದೇ ಕಾಲವನ್ನು ಮುಂದೊಯ್ಯುವುದೆಂದು ಅರ್ಥವಾಯಿತು. ಪೋರ್ಟರನೇ ಚಿತ್ರಸಂಕಲನದ ಜನಕನೆಂಬ ಕೀರ್ತಿಯು ಅಲ್ಲಿಂದ ಗಟ್ಟಿಯಾಯಿತು.

ಬಳಿಕ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಎಂಬ ಕಲಾಸಂಗ್ರಹಾಲಯಕ್ಕೆ ಈ ಚಿತ್ರದ ಒಂದು ಪ್ರತಿಯು ದೊರೆಯಿತು. ಅದರಲ್ಲಿ ಕಂಡುದು ಊಹಿಸಿದಂತೆಯೇ ಇದ್ದಿತು. ತಾಯಿಯು ಒಳಗೆ ಕೂಗುವಳು, ಹೊರಗೆ ದಳದವರು ಏಣಿಯಿಡುವರು, ಒಳಗೆ ಆತನು ಅವಳನ್ನೆತ್ತುವನು, ಹೊರಗೆ ಇಳಿಯುವನು, ಮತ್ತೆ ಒಳಗೆ, ಮತ್ತೆ ಹೊರಗೆ. ಘಟನೆಯು ಒಂದೇ ಸಲ ನಡೆಯುವುದು. ಕಣ್ಣು ಮಾತ್ರ ಎರಡು ಕಡೆ ಸಂಚರಿಸುವುದು. ಇದಕ್ಕಿಂತ ಮೇಲಾದ ಪ್ರಮಾಣವು ಬೇಕೆ? ೧೯೦೩ರಲ್ಲೇ ಪೋರ್ಟರನು ಆಧುನಿಕ ಚಿತ್ರಕಥನದ ಕೀಲಿಕೈಯನ್ನು ಕಂಡುಹಿಡಿದನೆಂದು ಗ್ರಂಥಗಳು ಸಾರಿದುವು.

ಇತ್ತ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಬೇರೊಂದು ಸಾಕ್ಷಿಯು ಮಲಗಿದ್ದಿತು. ಅಮೆರಿಕದ ಕೃತಿಸ್ವಾಮ್ಯದ ಕಾನೂನಿನಲ್ಲಿ ೧೯೧೨ರವರೆಗೆ ಚಲಚ್ಚಿತ್ರಕ್ಕೆಂದು ಬೇರೆ ಸ್ಥಾನವಿರಲಿಲ್ಲ. ಛಾಯಾಚಿತ್ರಕ್ಕೆ ಮಾತ್ರವೇ ಇದ್ದಿತು. ಆದಕಾರಣ ಕಂಪನಿಗಳು ಫಿಲ್ಮಿನ ಚಿತ್ರಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಗಳ ಮೇಲೆ ಅಚ್ಚುಹಾಕಿ, ಛಾಯಾಚಿತ್ರಗಳೆಂದು ಅಲ್ಲಿ ಸಲ್ಲಿಸುತ್ತಿದ್ದುವು. ಹೊತ್ತಿಕೊಳ್ಳುವ ಫಿಲ್ಮು ನಾಶವಾಯಿತು, ಕಾಗದವು ಉಳಿಯಿತು. ಹೀಗೆ ಉಳಿದ ಚಿತ್ರಗಳ ಸಂಖ್ಯೆಯು ಮೂರು ಸಾವಿರಕ್ಕೂ ಹೆಚ್ಚು. ೧೯೫೦ರ ದಶಕದಿಂದ ಕೆಂಪ್ ನೈವರ್ ಮೊದಲಾದವರು ಈ ಕಾಗದದ ಸುರುಳಿಗಳನ್ನು ಒಂದೊಂದು ಚಿತ್ರವಾಗಿ ಮತ್ತೆ ಫಿಲ್ಮಿಗೆ ಇಳಿಸಿದಾಗ, ಪೋರ್ಟರನ ಚಿತ್ರವೂ ಬೆಳಕಿಗೆ ಬಂದಿತು. ಅದರಲ್ಲಿ ಮೇಲೆ ಹೇಳಿದಂತೆ ರಕ್ಷಣೆಯು ಎರಡು ಸಲ ನಡೆಯುತ್ತಿತ್ತು.

ಒಂದೇ ಕೃತಿಗೆ ಎರಡು ಪಾಠಗಳು. ಓಲೆಯ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಈ ಸನ್ನಿವೇಶವು ಅಪರಿಚಿತವಲ್ಲ. ಕೆಲವರು, ಸಂಗ್ರಹಾಲಯದ ಪ್ರತಿಯೇ ಮುಗಿದ ಕೃತಿಯೆಂದೂ, ಕಾಗದದ ಪ್ರತಿಯು ಜೋಡಿಸುವ ಮೊದಲೇ ದಾಖಲೆಗೆಂದು ಸಲ್ಲಿಸಿದ ಕಚ್ಚಾ ಸಾಮಗ್ರಿಯೆಂದೂ ವಾದಿಸಿದರು. ವಾದವು ಸುಂದರವಾಗಿತ್ತು, ಏಕೆಂದರೆ ಅದು ಪೋರ್ಟರನನ್ನು ಜಾಣನನ್ನಾಗಿ ಮಾಡುತ್ತಿತ್ತು. ಆದರೆ ಕಾಗದದ ಪ್ರತಿಗೆ ಶಾಸನದಂತೆ ತಿಥಿಯಿದೆ. ಅದು ೧೯೦೩ರ ಜನವರಿಯಲ್ಲಿ ಸಲ್ಲಿಸಿದುದು. ಮತ್ತೊಂದಕ್ಕೆ ಅಂತಹ ತಿಥಿಯಿಲ್ಲ. ಅಲ್ಲದೆ ಅದೇ ಕಾಲದ ಬೇರೆ ಚಿತ್ರಗಳಲ್ಲಿಯೂ ಇಂತಹ ಪುನರಾವರ್ತನೆಯು ಕಾಣಬರುವುದು. ಫ್ರಾನ್ಸಿನ ಮೆಲಿಯೇಯ ೧೯೦೨ರ ಚಂದ್ರಯಾತ್ರೆಯ ಚಿತ್ರದಲ್ಲಿ ಗುಂಡಿನಾಕಾರದ ವಾಹನವು ಒಮ್ಮೆ ಚಂದ್ರನ ಕಣ್ಣಿಗೆ ನಾಟುತ್ತದೆ. ಮುಂದಿನ ತುಂಡಿನಲ್ಲಿ ಅದು ಚಂದ್ರನ ನೆಲದ ಮೇಲೆ ಮತ್ತೊಮ್ಮೆ ಇಳಿಯುತ್ತದೆ.

೧೯೭೮ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಚಿತ್ರಭಂಡಾರಗಳ ಅಂತರರಾಷ್ಟ್ರೀಯ ಒಕ್ಕೂಟದ ಸಮ್ಮೇಳನವು ಸೇರಿ, ೧೯೦೦ರಿಂದ ೧೯೦೬ರವರೆಗಿನ ನೂರಾರು ಚಿತ್ರಗಳನ್ನು ವಿದ್ವಾಂಸರು ಒಟ್ಟಿಗೆ ಕುಳಿತು ನೋಡಿದರು. ಮರುವರ್ಷ ಅಮೆರಿಕದ ಚಾರ್ಲ್ಸ್ ಮಸ್ಸರನೂ ಕೆನಡಾದ ಆಂದ್ರೆ ಗೋದ್ರೋನೂ ತಮ್ಮ ಲೇಖನಗಳಲ್ಲಿ ವಿಷಯವನ್ನು ವಿಮರ್ಶಿಸಿದರು. ಕಾಗದದ ಪಾಠವೇ ಮೂಲವೆಂದೂ, ಅಡ್ಡಾಡುವ ಪಾಠವು ಮುಂದೆ ಯಾರೋ ತಮ್ಮ ಕಾಲದ ರೂಢಿಗೆ ತಕ್ಕಂತೆ ಕತ್ತರಿಸಿ ಜೋಡಿಸಿದುದೆಂದೂ ಅಲ್ಲಿಂದ ಒಪ್ಪಿಗೆಯಾಯಿತು. ಲಿಪಿಕಾರನು ತನಗೆ ತಿಳಿಯದ ಹಳಗನ್ನಡದ ರೂಪವನ್ನು ತಪ್ಪೆಂದು ಭಾವಿಸಿ ತನಗೆ ಗೊತ್ತಿರುವ ರೂಪಕ್ಕೆ ತಿದ್ದುವಂತೆ, ಆ ಅಜ್ಞಾತ ಸಂಕಲನಕಾರನು ಹಳೆಯ ಕಾಲವನ್ನು ಹೊಸ ಕಾಲಕ್ಕೆ ತಿದ್ದಿದನು. ಸುಲಭವಾದ ಪಾಠಕ್ಕಿಂತ ಕಠಿಣವಾದ ಪಾಠವೇ ಹೆಚ್ಚು ಪ್ರಾಚೀನವಾಗಿರಬಹುದೆಂಬ ಗ್ರಂಥಸಂಪಾದನೆಯ ಸೂತ್ರವು ಫಿಲ್ಮಿನ ಸುರುಳಿಗೂ ಸಲ್ಲುವುದೆಂದು ಹೀಗೆ ಸಿದ್ಧವಾಯಿತು.

೫

ಹಾಗಾದರೆ ಪೋರ್ಟರನು ಅರಿಯದವನೇ? ಒಂದು ಘಟನೆಯು ಎರಡು ಸಲ ನಡೆಯಲಾರದೆಂಬ ಸಾಮಾನ್ಯ ತಿಳಿವಳಿಕೆಯೂ ಆತನಿಗಿರಲಿಲ್ಲವೆ? ಹಾಗೆಂದುಕೊಳ್ಳುವುದು ಮತ್ತೊಂದು ತಪ್ಪಾಗುವುದು. ಬ್ರೈಟನ್ನಿನ ನೆರೆಯ ಹೋವ್ ಎಂಬ ಊರಿನಲ್ಲಿ ಜೇಮ್ಸ್ ವಿಲಿಯಮ್ಸನ್ನನು ೧೯೦೧ರಲ್ಲೇ 'ಫೈರ್!' ಎಂಬ ಇಂತಹುದೇ ಬೆಂಕಿಯ ಚಿತ್ರವನ್ನು ಮಾಡಿದ್ದನು. ಅದರಲ್ಲಿ ಒಳಗಿನಿಂದ ಕಿಟಕಿಯನ್ನು ದಾಟಿದ ಅಗ್ನಿಶಾಮಕನು ಮುಂದಿನ ತುಂಡಿನಲ್ಲಿ ಹೊರಗೆ ಇಳಿಯುತ್ತಿರುವನು. ಕಾಲವು ಕಡಿಯದೆ ಮುಂದುವರಿಯುವುದು. ಆದುದರಿಂದ ಕಾಲವನ್ನು ನೇರವಾಗಿ ಜೋಡಿಸಲು ಅಂದಿನವರಿಗೆ ಅಸಾಧ್ಯವಾಗಿತ್ತೆಂದು ಹೇಳಲಾಗದು. ಎರಡು ದಾರಿಗಳೂ ತೆರೆದಿದ್ದುವು. ಯಾವುದು ರಾಜಮಾರ್ಗವಾಗುವುದೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಪೋರ್ಟರನ ಕಣ್ಣಿಗೆ ಒಂದೊಂದು ತುಂಡೂ ಒಂದು ಸ್ಥಳದ ಪೂರ್ಣ ಚಿತ್ರ. ಒಳಗಣ ಕೊಠಡಿಯೆಂದ ಮೇಲೆ ಅಲ್ಲಿ ನಡೆಯತಕ್ಕದ್ದೆಲ್ಲವೂ ನಡೆದು ಮುಗಿಯಬೇಕು. ಹೊರಗಣ ಬೀದಿಯೆಂದ ಮೇಲೆ ಅಲ್ಲಿನದೆಲ್ಲವೂ ಕಾಣಬೇಕು. ಮಾಯಾದೀಪದ ಗಾಜಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿ ಕಥೆ ಹೇಳುತ್ತಿದ್ದ ಕಾಲದ ಅಭ್ಯಾಸವು ಅಲ್ಲಿ ಉಳಿದುಬಂದಿತ್ತು. ಪ್ರೇಕ್ಷಕನಿಗೂ ಇದು ಒಗಟಾಗಿರಲಿಲ್ಲ. ಒಳಗಿನದನ್ನು ಕಂಡುದಾಯಿತು, ಇನ್ನು ಹೊರಗಿನದನ್ನು ಕಾಣೋಣ ಎಂದು ಆತನು ಕುಳಿತಿರುತ್ತಿದ್ದನು. ಪುರಾಣದವನ "ಇತ್ತ" ಎಂಬ ಮಾತು ತೆರೆಯ ಮೇಲೆ ಕೇಳದಿದ್ದರೂ ಅದರ ಅರ್ಥವು ಅಲ್ಲಿದ್ದಿತು.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಅಂಶವನ್ನು ಮಸ್ಸರನು ತೋರಿಸಿಕೊಟ್ಟನು. ಎರಡು ತುಂಡುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆದರೆ ಅವು ಒಂದಕ್ಕೊಂದು ಸರಿಹೊಂದುವುದಿಲ್ಲ. ಒಳಗಿನ ನೋಟದಲ್ಲಿ, ತಾಯಿಯನ್ನು ಹೊತ್ತು ಕಿಟಕಿ ದಾಟಿದವನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮಗುವಿಗಾಗಿ ಮರಳಿಬರುತ್ತಾನೆ. ಹೊರಗಿನ ನೋಟದಲ್ಲಿ ಅದೇ ಅವಧಿಯಲ್ಲಿ ಆತನು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಅವಳನ್ನು ನೆಲದ ಮೇಲಿಳಿಸಿ, ಅವಳ ಮೊರೆಯನ್ನು ಕೇಳಿ, ಮತ್ತೆ ಹತ್ತುತ್ತಾನೆ. ಎಂದರೆ, ತೆರೆಯ ಮೇಲೆ ಕಾಣುವುದಕ್ಕೆ ಪೂರ್ಣ ಕಾಲ, ಕಾಣದುದಕ್ಕೆ ಸಂಕ್ಷಿಪ್ತ ಕಾಲ. ಇದು ರಂಗಭೂಮಿಯ ಹಳೆಯ ನಿಯಮವೇ. ನೇಪಥ್ಯಕ್ಕೆ ಹೋದ ದೂತನು ಅರಮನೆಯನ್ನು ಸುತ್ತಿ ನಾಲ್ಕು ಮಾತಿನೊಳಗೆ ಹಿಂದಿರುಗಿದರೆ ಯಾರೂ ಗಡಿಯಾರವನ್ನು ನೋಡುವುದಿಲ್ಲ. ಪೋರ್ಟರನು ಕಾಲದ ವಿಚಾರದಲ್ಲಿ ಅಜ್ಞನಾಗಿರಲಿಲ್ಲ. ನಾಟಕದ ಕಾಲವನ್ನೂ ಚಿತ್ರದ ಕಾಲವನ್ನೂ ಒಂದೇ ಆರು ನಿಮಿಷದಲ್ಲಿ ಕೂಡಿಸಲು ಯತ್ನಿಸಿದ್ದನು. ತಿದ್ದಿದ ಪ್ರತಿಯು ಆತನಿಗೆ ಇಲ್ಲದ ಕೀರ್ತಿಯನ್ನು ಕೊಟ್ಟು, ಇದ್ದ ವಿಶೇಷವನ್ನು ಅಳಿಸಿಹಾಕಿತ್ತು.

೬

ರಾಜಮಾರ್ಗವು ಕೆಲವೇ ವರ್ಷಗಳಲ್ಲಿ ತೀರ್ಮಾನವಾಯಿತು. ೧೯೦೮ರಲ್ಲಿ ಫ್ರಾನ್ಸಿನ ಪಾಥೇ ಕಂಪನಿಯ ವೈದ್ಯನೊಬ್ಬನ ಕಥೆಯಲ್ಲಿಯೂ, ೧೯೦೯ರಲ್ಲಿ ಅಮೆರಿಕದ ಗ್ರಿಫಿತ್ತನ 'ದಿ ಲೋನ್ಲಿ ವಿಲ್ಲಾ' ಚಿತ್ರದಲ್ಲಿಯೂ, ಕಳ್ಳರಿಗೆ ಸಿಕ್ಕಿಬಿದ್ದ ಮನೆಯವರನ್ನೂ ಅವರ ರಕ್ಷಣೆಗೆ ಧಾವಿಸುವ ಯಜಮಾನನನ್ನೂ ಒಂದಾದ ಮೇಲೊಂದರಂತೆ ತೋರಿಸುತ್ತ ಹೋಗುವ ಕ್ರಮವು ನೆಲೆಗೊಂಡಿತು. ಇದರ ಗುಟ್ಟು ಇಷ್ಟೆ: ಯಜಮಾನನ ಬಂಡಿಯನ್ನು ನೋಡುತ್ತಿರುವಾಗ ಮನೆಯಲ್ಲಿ ಎಷ್ಟು ಹೊತ್ತು ಕಳೆಯಿತೆಂಬುದನ್ನು ಯಾರೂ ಲೆಕ್ಕಹಾಕುವುದಿಲ್ಲ. ಒಂದೊಂದು ಕತ್ತರಿಯ ಸಂದಿನಲ್ಲಿಯೂ ಕೆಲವು ನಿಮಿಷಗಳನ್ನು ನುಂಗಬಹುದು, ಬೇಕಾದರೆ ಸೇರಿಸಲೂಬಹುದು. ಪ್ರವೇಶಕವು ನಾಟಕದಲ್ಲಿ ಮಾಡುತ್ತಿದ್ದ ಕೆಲಸವನ್ನು ಮಾತಿಲ್ಲದೆ ಈ ಕತ್ತರಿಯೇ ಮಾಡಿತು. ೧೯೧೬ರ 'ಇಂಟಾಲರೆನ್ಸ್' ಚಿತ್ರದಲ್ಲಿ ಗ್ರಿಫಿತ್ತನು ಬಾಬಿಲೋನಿನ ಪತನ, ಯೇಸುವಿನ ಕಾಲ, ೧೫೭೨ರ ಫ್ರಾನ್ಸಿನ ಹತ್ಯಾಕಾಂಡ, ತನ್ನ ಕಾಲದ ಅಮೆರಿಕ ಎಂಬ ನಾಲ್ಕು ಯುಗಗಳನ್ನೇ ಹೀಗೆ ಹೆಣೆದನು.

ಆಶ್ಚರ್ಯದ ಸಂಗತಿಯೆಂದರೆ, ರಾಜಮಾರ್ಗದಿಂದ ತಳ್ಳಿಹಾಕಲ್ಪಟ್ಟ ಪುನರಾವರ್ತನೆಯು ಬೇಗನೆ ಮತ್ತೊಂದು ಬಾಗಿಲಿನಿಂದ ಒಳಗೆ ಬಂದಿತು. ರಷ್ಯದ ಐಸೆನ್‌ಸ್ಟೈನನ ೧೯೨೫ರ 'ಪೊಟೆಮ್‌ಕಿನ್' ಚಿತ್ರದಲ್ಲಿ ನಾವಿಕನೊಬ್ಬನು ತಟ್ಟೆಯನ್ನು ನೆಲಕ್ಕೆ ಅಪ್ಪಳಿಸುವ ಒಂದು ಕ್ಷಣವು ಒಂದರ ಮೇಲೊಂದು ಚಾಚಿದ ಹಲವು ತುಂಡುಗಳಾಗಿ ಕಾಣುವುದು. ೧೯೨೮ರ 'ಅಕ್ಟೋಬರ್' ಚಿತ್ರದಲ್ಲಿ ಸೇತುವೆಯು ಏಳುವ ನೋಟವೂ ಹಾಗೆಯೇ ಮತ್ತೆ ಮತ್ತೆ ಬಂದು, ತೆರೆಯ ಕಾಲವು ಕಥಾಕಾಲವನ್ನು ಮೀರಿ ಹಿಗ್ಗುವುದು. ಪೋರ್ಟರನು ಎಲ್ಲವನ್ನೂ ತೋರಿಸಬೇಕೆಂದು ಎರಡು ಸಲ ತೋರಿಸಿದನು. ಐಸೆನ್‌ಸ್ಟೈನನು ಹೃದಯಕ್ಕೆ ತಾಗಬೇಕೆಂದು ಮತ್ತೆ ಮತ್ತೆ ತೋರಿಸಿದನು. ೧೯೫೦ರಲ್ಲಿ ಜಪಾನಿನ ಕುರೊಸಾವನು 'ರಾಶೋಮೋನ್' ಚಿತ್ರದಲ್ಲಿ ಒಂದು ಕೊಲೆಯನ್ನು ನಾಲ್ವರ ಬಾಯಿಂದ ನಾಲ್ಕು ಬಗೆಯಾಗಿ ತೋರಿಸಿದನು. ಅಲ್ಲಿ ಪುನರಾವರ್ತನೆಯು ಸ್ಥಳದ ಪ್ರಶ್ನೆಯಾಗಿ ಉಳಿಯದೆ ಸತ್ಯದ ಪ್ರಶ್ನೆಯಾಯಿತು.

೧೯೨೭ರಿಂದ ವಾಕ್ಚಿತ್ರವು ಬಂದಮೇಲೆ ಯಂತ್ರದ ವೇಗವು ಸೆಕೆಂಡಿಗೆ ೨೪ ಚಿತ್ರಗಳೆಂದು ನಿಂತಿತು. ಧ್ವನಿಯು ಓಡಿದರೆ ಕೀಚಲಾಗುವುದು, ನಿಧಾನಿಸಿದರೆ ಗೊಗ್ಗರಾಗುವುದು. ಆದುದರಿಂದ ತೋರಿಸುವವನ ತೋಳಿನ ಸ್ವೇಚ್ಛೆಯು ಮುಗಿಯಿತು. ತೆರೆಯ ಕಾಲವು ಗಡಿಯಾರದ ಕಾಲವಾಯಿತು. ಆಗ ಕೆಲವರಿಗೆ, ಲೂಮಿಯೇರರ ಮೊದಲ ಚಿತ್ರಗಳಂತೆ ಎರಡು ಕಾಲಗಳನ್ನೂ ಮತ್ತೆ ಒಂದಾಗಿಸುವ ಆಸೆಯು ಹುಟ್ಟಿತು. ಹಿಚ್‌ಕಾಕನ ೧೯೪೮ರ 'ರೋಪ್' ೮೦ ನಿಮಿಷದ ಚಿತ್ರ. ಒಂದು ಮನೆಯ ಒಂದು ಸಂಜೆಯನ್ನು ಕಡಿಯದ ಕಾಲವೆಂಬಂತೆ ತೋರಿಸುವುದು. ಆದರೆ ಕಿಟಕಿಯಾಚೆಯ ಆಕಾಶದಲ್ಲಿ ಸೂರ್ಯನು ನಿಜವಾದ ಸೂರ್ಯನಿಗಿಂತ ಬೇಗ ಮುಳುಗುವನು. ೧೯೫೨ರ 'ಹೈ ನೂನ್' ಚಿತ್ರದಲ್ಲಿ ಶತ್ರುವನ್ನು ಹೊತ್ತ ರೈಲು ಮಧ್ಯಾಹ್ನ ಹನ್ನೆರಡಕ್ಕೆ ಬರಬೇಕು. ಗೋಡೆಯ ಗಡಿಯಾರಗಳು ಅಡಿಗಡಿಗೂ ಕಾಣುವುವು. ಆದರೂ ಹತ್ತೂವರೆಯ ಸುಮಾರಿಗೆ ಮೊದಲಾಗಿ ಹನ್ನೆರಡನ್ನು ದಾಟುವ ಕಥೆಯು ೮೫ ನಿಮಿಷಗಳಲ್ಲಿ ಮುಗಿಯುವುದು. ಎರಡು ಕಾಲಗಳೂ ಒಂದೇ ಎಂದು ಪ್ರೇಕ್ಷಕನನ್ನು ನಂಬಿಸುವುದಕ್ಕೂ ಅವುಗಳ ನಡುವೆ ಒಂದಿಷ್ಟು ಕಳ್ಳತನವು ಬೇಕಾಯಿತು.

ಇದರ ತುದಿಯನ್ನು ರಷ್ಯದ ಸೊಕುರೊವ್ ಎಂಬ ನಿರ್ದೇಶಕನು ೨೦೦೨ರಲ್ಲಿ ಮುಟ್ಟಿದನು. ಆತನ 'ರಷ್ಯನ್ ಆರ್ಕ್' ಚಿತ್ರವು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಅರಮನೆಯಲ್ಲಿ, ಒಂದೇ ಒಂದು ಕತ್ತರಿಯೂ ಇಲ್ಲದೆ, ಸುಮಾರು ಒಂದೂವರೆ ಗಂಟೆಯ ಒಂದೇ ಹಿಡಿತದಲ್ಲಿ ಚಿತ್ರಿತವಾಯಿತು. ಆದರೆ ಒಂದು ಬಾಗಿಲಿನಿಂದ ಮತ್ತೊಂದು ಬಾಗಿಲಿಗೆ ಹೋಗುವಷ್ಟರಲ್ಲಿ ಮಹಾ ಪೀಟರನ ಕಾಲವು ಕಳೆದು ಕ್ಯಾಥರೀನಳ ಕಾಲವು ಬರುವುದು. ಹೀಗೆ ಮುನ್ನೂರು ವರ್ಷಗಳು ಹಿಂದುಮುಂದಾಗಿ ಹಾದುಹೋಗುವುವು. ರಾಣಿ ಮೇರಿಯ ಚಿತ್ರದಲ್ಲಿ ತುಂಡಾದ ಕಾಲವನ್ನು ಎಡೆಬಿಡದ ಕಾಲವೆಂದು ತೋರಿಸಿದ್ದರು. ಇಲ್ಲಿ ಎಡೆಬಿಡದ ಕಾಲದೊಳಗೆ ತುಂಡುತುಂಡಾದ ಶತಮಾನಗಳನ್ನು ಅಡಗಿಸಿದರು. ಇವೆರಡರ ನಡುವಣ ನೂರು ವರ್ಷಗಳೇ ತೆರೆಯ ಕಾಲದ ಚರಿತ್ರೆ.

ಇಂದು ಚಿತ್ರಮಂದಿರದಲ್ಲಿ ಕುಳಿತ ಎಳೆಯ ಬಾಲಕನಿಗೂ, ಒಂದು ಕತ್ತರಿಯಲ್ಲಿ ಹತ್ತು ವರ್ಷಗಳು ಕಳೆದುವೆಂಬುದು ಯಾರೂ ಹೇಳದೆಯೇ ತಿಳಿಯುವುದು. ಈ ತಿಳಿವಳಿಕೆಯು ಕಣ್ಣಿನ ಜೊತೆಯಲ್ಲಿ ಹುಟ್ಟಿದುದಲ್ಲ, ಭಾಷೆಯಂತೆ ಕಲಿತು ಬಂದುದು. ಕಲಿತುದೆಂಬುದು ಮರೆತುಹೋದ ಮೇಲೆಯೇ ಅದು ಸಹಜವೆನಿಸುವುದು. ಪೋರ್ಟರನ ಸುರುಳಿಯನ್ನು ತಿದ್ದಿದವನು ದುರುದ್ದೇಶದಿಂದ ತಿದ್ದಿರಲಾರನು. ಹಳೆಯವನ ತಪ್ಪನ್ನು ಸರಿಪಡಿಸಿದೆನೆಂದೇ ಆತನು ಸಂತೋಷಪಟ್ಟಿರಬೇಕು. ಅದರಿಂದ ವಿದ್ವಾಂಸರು ಬಹುಕಾಲ ದಾರಿತಪ್ಪಿದರು. ಕಸವೆಂದು ಎಸೆಯದೆ ಉಳಿದ ಒಂದು ಕಾಗದದ ಸುರುಳಿಯು ಇಲ್ಲದಿದ್ದರೆ, ಮನುಷ್ಯರು ಒಮ್ಮೆ ಕಾಲವನ್ನು ಬೇರೊಂದು ರೀತಿಯಲ್ಲಿ ನೋಡಿದ್ದರೆಂಬ ಸಂಗತಿಗೆ ಇದ್ದ ಬಲವಾದ ಸಾಕ್ಷಿಯೊಂದು ಉಳಿಯುತ್ತಿರಲಿಲ್ಲ. ಹಳೆಯದು ವಿಚಿತ್ರವಾಗಿ ತೋರಿದಾಗ ಲೇಖನಿಯನ್ನೋ ಕತ್ತರಿಯನ್ನೋ ಕೈಗೆತ್ತಿಕೊಳ್ಳುವ ಮೊದಲು ಸ್ವಲ್ಪ ಹೊತ್ತು ನೋಡುತ್ತ ನಿಲ್ಲುವುದು ಲೇಸೆಂಬುದನ್ನು ಆ ಎರಡು ಸಲದ ರಕ್ಷಣೆಯು ಕಲಿಸುತ್ತದೆ.